ಹದಿನೆಂಟು ಪೌಂಡು ಹವಾ

ಮಿರಜ
18 ಆಗಸ್ಟ್ 2024

ಅನು,

ಆದ್ದರಿಂದ ಹವಾದ ಟಾಕಿ ಜೀಪಿನ ಸೀಟಿನ ಕೆಳಗೆ ಬೇಡ ಎಂದು ನಾನು ಹೇಳುತ್ತಿದ್ದೆ, ಅಷ್ಟರಲ್ಲಿ ನಿನ್ನೆ ಫೋನು ಕಟ್ಟಾಯಿತು. ಕಟ್ಟಾಯಿತೋ ನೀನೇ ಇಟ್ಟೆಯೋ, ಕೇಳುವುದಿಲ್ಲ. ನಮ್ಮಿಬ್ಬರ ಫೋನು ಎರಡು ವರ್ಷದಿಂದ ಹೀಗೇ ಅಲ್ಲವೆ. "ಊಟ ಆತೇನು?" "ಆತ್ರಿ." "ಮಳಿ ಐತೇನು?" "ಇಲ್ರಿ." ಆಮೇಲೆ ಒಬ್ಬರ ಉಸಿರು ಇನ್ನೊಬ್ಬರು ಕೇಳುತ್ತ ನಿಲ್ಲುವುದು. ಅದೂ ನನ್ನ ಎಡಗಿವಿಗೆ ಕೇಳುವುದಿಲ್ಲ. ಸಾಂಗಲಿಯ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಹವಾದ ಮೀಟರು, ಪೈಪು, ಕಂಪ್ರೆಸರು ಮಾರಿ, ಅವುಗಳ ಸದ್ದಿನಲ್ಲಿ ಕೂತದ್ದಕ್ಕೆ ಸಿಕ್ಕ ಪೆನ್ಶನ್ ಅದು. ಅದಕ್ಕೇ ಈ ಕಾಗದ. ಕಾಗದ ನಡುವೆ ಕಟ್ಟಾಗುವುದಿಲ್ಲ.

ನೀನು ಕೇಳಿದ್ದು ಇಷ್ಟು ಎಂದು ತಿಳಿದಿದ್ದೇನೆ. ಜತ್ತದ ಕಡೆ ಕುರಿದೊಡ್ಡಿಗಳಿಗೆ ಮದ್ದು ತೆಗೆದುಕೊಂಡು ಹೋಗುವ ನಿನ್ನ ಹಳೆಯ ಜೀಪಿನೊಳಗೇ ಹವಾ ತಯಾರಾಗಬೇಕು. ಗಾಲಿಯ ಹವಾ ಎಲ್ಲೆಂದರಲ್ಲಿ ಇಳಿಸಬೇಕು, ಎಲ್ಲೆಂದರಲ್ಲಿ ಏರಿಸಬೇಕು. ಕಣ್ಣೆದುರು ಮೀಟರು ಬೇಕು. ಏರಿಸುವುದು ಸರಿ, ಇಳಿಸುವುದು ಯಾಕೆ? ಹವಾ ಕಮ್ಮಿ ಮಾಡಿಕೊಡಿ ಎಂದು ಬಂದ ಗಿರಾಕಿಯನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದರೆ ದನದ ಡಾಕ್ಟರ್ ಮೇಡಂ ಹೇಳಿದ ಮೇಲೆ ಮುಗಿಯಿತು. ಐ ಬೆಗ್ ಟು ರಿಮೇನ್, ಯುವರ್ಸ್ ಓಬಿಡಿಯೆಂಟ್, ಏನೋ ಒಂದು. ಕಾಲೇಜಿನಲ್ಲಿ ಅರ್ಜಿಯ ಕೊನೆಗೆ ಬರೆಸುತ್ತಿದ್ದರು, ಅರ್ಧ ಮರೆತಿದ್ದೇನೆ.

ಜೀಪು ನೀನೇ ಹೊಡೆದುಕೊಂಡು ಬಾ. ಅಂಗಡಿ ಈಗ ನಿನ್ನ ಅಣ್ಣ ಸುಶಾಂತ ನೋಡುತ್ತಾನೆ, ನನಗೆ ಪುರುಸೊತ್ತಿದೆ. ನಾಲ್ಕೈದು ದಿನದ ಕೆಲಸ. ಅವ್ವನ ವರ್ಷದ ದಿನ ಬಂದವಳು ಎಲೆ ಹಾಕುವ ಮೊದಲೇ ಹೊರಟುಹೋದೆ, ಆಮೇಲೆ ಈ ಹೊಸ್ತಿಲು ತುಳಿದಿಲ್ಲ. ಅವ್ವ ಹೋದ ಆ ದಿನದ ಮಾತು ನೀನು ಕೇಳಿಲ್ಲ, ನಾನು ಹೇಳಿಲ್ಲ. ಈಗಲೂ ಕೇಳಬೇಡ ಬೇಕಾದರೆ. ಜೀಪಿನ ಪಕ್ಕ ನಿಂತು ಬೋಲ್ಟು ತಿರುವುವ ಪಾನಾ ಎತ್ತಿಕೊಡು, ಅಷ್ಟು ಸಾಕು.

ನಿನ್ನ ಅಪ್ಪ,
ಕಲ್ಲಯ್ಯ

*

ಜತ್ತ
30 ಆಗಸ್ಟ್ 2024

ಅಪ್ಪಾ,

ನಮಸ್ಕಾರ. ಫೋನು ನಾನೇ ಇಟ್ಟೆ. ಸಿಟ್ಟಿನಿಂದ ಅಲ್ಲ, ಮುಂದೆ ಮಾತು ಬರಲಿಲ್ಲ.

ನನ್ನ ಕನ್ನಡ ಅವ್ವ ಕಲಿಸಿದಷ್ಟೇ. ತಪ್ಪು ಕಂಡರೆ ಸುಶಾಂತದಾದಾನಿಗೆ ತೋರಿಸಿ ನಗಬೇಡಿರಿ.

ನನಗೆ ರಜೆ ಇಲ್ಲ. ಕುರಿಗಳಿಗೆ ಲಸಿಕೆ ಹಾಕುವುದು ನಡೆದಿದೆ. ಜೀಪು ನಮ್ಮ ಕಂಪೌಂಡರ್ ಬಾಬು ಮಾಮಾರ ಕೈಯಲ್ಲಿ ಕಳಿಸುತ್ತೇನೆ. ಅವರ ಊರು ಆರಗ, ಕುರುಬರ ಮನೆಯವರು, ಐವತ್ತು ದಾಟಿದೆ, ಬಹಳ ಮಾತಾಡುತ್ತಾರೆ. ನಿಮಗೆ ಜೋಡಿ ಸರಿಯಾಗುತ್ತದೆ.

ಹವಾ ಇಳಿಸುವುದು ಯಾಕೆ ಎಂದು ಕೇಳಿದ್ದೀರಿ. ನನಗೆ ಕಲಿಸಿದ್ದು ಅವರೇ, ಅವರನ್ನೇ ಕೇಳಿರಿ. ಅದನ್ನು ನಿಮಗೆ ನನ್ನ ಕೈಯಿಂದ ಬರೆಯಲು ಆಗುವುದಿಲ್ಲ.

ಗುಳಿಗೆ ತಪ್ಪಿಸಬೇಡಿರಿ.

ಅನುಜಾ

*

ಮಿರಜ
22 ಸೆಪ್ಟೆಂಬರ್ 2024

ಅನು,

ಜೀಪು ಬಂತು, ಬಾಬು ಬಂದ, ನೀನು ಬರಲಿಲ್ಲ. ಇರಲಿ. ಬಾಬು ಬಂದವನೇ ಕೈಕಾಲು ತೊಳೆದು, ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ಸೊಸೆ ರೂಪಾಲಿಯ ಮುಖ ನೋಡಿ, "ಇದ್ದರ ಕೊಡವ್ವಾ, ಇಲ್ಲಂದ್ರ ಎರಡ ಕೊಡ" ಅಂದ. ಅತ್ತೆ ಹೋದ ಮೇಲೆ ನಿನ್ನ ವೈನಿ ಅಷ್ಟು ನಕ್ಕಿದ್ದು ನಾನು ಕಂಡಿರಲಿಲ್ಲ.

ಕೆಲಸದ ವರದಿ. ಕಂಪ್ರೆಸರನ್ನು ಬಾನೆಟ್ಟಿನೊಳಗೆ ಹಾಕಲಿಲ್ಲ, ಇಂಜಿನ್ನಿನ ಕಾವಿಗೆ ಅದರ ಆಯುಷ್ಯ ಕಮ್ಮಿಯಾಗುತ್ತದೆ. ಹಿಂದಿನ ಸೀಟಿನ ಬೆನ್ನಿಗೆ ಎತ್ತರದಲ್ಲಿ ಕೂಡಿಸಿದ್ದೇನೆ, ಹಳ್ಳದ ನೀರು ಮುಟ್ಟದ ಹಾಗೆ. ಹವಾ ಹಿಡಿದಿಡುವ ಟಾಕಿ ಕೆಳಗೆ, ಚಾಸಿಯ ಮಗ್ಗುಲಿಗೆ. ನಡುವೆ ಒಂದು ವಾಲು, ಹೋದ ಹವಾ ತಿರುಗಿ ಬಾರದಂತೆ. ನೂರಿಪ್ಪತ್ತು ಪೌಂಡು ತುಂಬಿದರೆ ಕಂಪ್ರೆಸರು ತಾನೇ ನಿಲ್ಲುತ್ತದೆ, ತೊಂಬತ್ತಕ್ಕೆ ಇಳಿದರೆ ತಾನೇ ಶುರು. ಟಾಕಿಯ ತಳದಲ್ಲಿ ಸಣ್ಣ ನಳ ಇದೆ, ವಾರಕ್ಕೊಮ್ಮೆ ತಿರುವಿ ಒಳಗೆ ಕೂಡಿದ ನೀರು ಬಿಡು. ಇದು ಮರೆತರೆ ಟಾಕಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಮೀಟರು ನನ್ನ ಸ್ವಂತ ಕಪಾಟಿನದು. ಹಾಕುವ ಮುಂಚೆ ಅಂಗಡಿಯ ಮಾಸ್ಟರ್ ಮೀಟರಿಗೆ ಮೂರು ಸಲ ಹೋಲಿಸಿ ನೋಡಿದ್ದೇನೆ. ಮೊದಲ ದಿನ ಸಂಜೆ ನೂರಿಪ್ಪತ್ತಿಗೆ ಬಿಟ್ಟು ಬೆಳಿಗ್ಗೆ ನೋಡಿದರೆ ನೂರಾ ಎಂಟು. ಎಲ್ಲ ಜೋಡಣೆಗೂ ಸಾಬೂನಿನ ನೊರೆ ಹಚ್ಚಿಕೊಂಡು ಹೋದೆವು. ಮೀಟರಿನ ಕುತ್ತಿಗೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಬಾಬು ಕನ್ನಡಕ ಏರಿಸಿ, "ಸಿಕ್ಕ ನೋಡ್ರಿ ಕಾಕಾ, ಕಳ್ಳ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ಮಾಣಿಕಬಾಯಿ ಕೋಲು ಹಿಡಿದು ಹೊರಗೆ ಬಂದರು.

ಆ ಹೊತ್ತಿನಲ್ಲೇ ಕೇಳಿದೆ, ಹವಾ ಇಳಿಸುವುದು ಯಾಕಪ್ಪ ಎಂದು.

"ಉಸುಕಿನ್ಯಾಗ ಬಿಗಿ ಗಾಲಿ ಅಂದ್ರ ಚಾಕು ಇದ್ದಂಗ್ರಿ ಕಾಕಾ. ಕೊರಕೋಂತ ಕೆಳಗ ಹೊಕ್ಕೈತಿ. ಹದಿನೆಂಟು ಪೌಂಡಿಗೆ ಇಳಸ್ರಿ, ಒಂಟಿದು ಅಗಲ ಪಾದ ಇದ್ದಂಗ ಆಕ್ಕೈತಿ."

"ಒಂಟಿ ನೀ ಎಲ್ಲಿ ನೋಡಿಯೋ?"

"ಸರ್ಕಸ್ಸಿನ್ಯಾಗ್ರಿ. ಮಿರಜಕ್ಕ ಬಂದಿತ್ತಲ್ಲ."

"ಎಷ್ಟ ಹೊತ್ತ ಹಿಡೀತೈತಿ ಇಳಸಾಕ?"

"ನಾಕ ಗಾಲಿಗೆ ಹತ್ತ ಮಿನಿಟರಿ. ಹಗೂರಕ ಎದ್ದ ಬರ್ತೈತಿ. ಶಾಣ್ಯಾರು ಮಾಡೂದ ಬ್ಯಾರೇನ ಇರತೈತಿ. ಎಕ್ಸಲೇಟರ್ ಒತ್ತೇ ಒತ್ತತಾರ. ಅದು ಕುಣಿ ತೋಡಕೊಂಡಂಗ್ರಿ."

ಅವನಿಗೆ ಏನೂ ಗೊತ್ತಿಲ್ಲ, ಪಾಪ. ಎದೆ ನೋಯುತ್ತಿದ್ದ ನಿನ್ನ ಅವ್ವನನ್ನು ಕೂಡಿಸಿಕೊಂಡು ಖಂಡೇರಾಜುರಿಯ ಹಳ್ಳದ ಉಸುಕಿನಲ್ಲಿ ಕಾರು ಹುಗಿಸಿದ್ದು ಇದೇ ಶಾಣ್ಯಾ ಎಂದು ಅವನಿಗೆ ಯಾರು ಹೇಳಬೇಕು. ನಾನು ಪಾನಾ ಕೆಳಗಿಟ್ಟು ಚಹಾ ಕುಡಿದು ಬರುತ್ತೇನೆ ಎಂದು ಒಳಗೆ ಹೋದೆ. ಚಹಾ ಕುಡಿಯಲಿಲ್ಲ.

ಈಗ ಮೀಟರು ನೂರಿಪ್ಪತ್ತರಲ್ಲಿ ಕಲ್ಲಿನಂತೆ ನಿಂತಿದೆ.

ಅಪ್ಪ

*

ಮಿರಜ
12 ಅಕ್ಟೋಬರ್ 2024

ಅನು,

ಖಂಡೇನವಮಿ ಮುಗಿಸಿಯೇ ಕಳಿಸುತ್ತೇನೆ ಎಂದು ಜೀಪು ಇಟ್ಟುಕೊಂಡು, ತಿರುಗಿ ಹೋಗಿದ್ದ ಬಾಬುವನ್ನು ಮತ್ತೆ ಕರೆಸಿಕೊಂಡೆ. ಇವತ್ತು ಜೀಪು ಹೊರಟಿತು. ನಮ್ಮ ಮನೆಯ ಪದ್ಧತಿಯಂತೆ ಕಬ್ಬಿಣಕ್ಕೆಲ್ಲ ಪೂಜೆ ಆಗಿದೆ. ವಿಭೂತಿ ನಾನೇ ನೀರಿನಲ್ಲಿ ತೇಯ್ದೆ. ಜೀಪಿನ ಹಣೆಗೆ, ನಾಲ್ಕು ಗಾಲಿಗೆ, ಟಾಕಿಗೆ, ಪ್ರತಿಯೊಂದು ವಾಲಿಗೆ, ಕಂಪ್ರೆಸರಿಗೆ, ಎಲ್ಲಕ್ಕೂ ಮೂರು ಮೂರು ಗೆರೆ. ಅರ್ಧ ಬಟ್ಟಲು ಹಿಡಿಯಿತು. ಸುಶಾಂತ, "ಅಪ್ಪಾ, ಗಾಡಿ ಐತೋ ಸ್ವಾಮಿಗೋಳೋ?" ಎಂದು ಚಾಷ್ಟಿ ಮಾಡಿದ. ಮಾಡಲಿ. ನಿನ್ನ ಕೂಡ ನಾನು ಇರುವುದಿಲ್ಲ, ಅದಾದರೂ ಇರಲಿ ಎಂದು ಕೈ ಬಿಗಿ ಹಿಡಿಯಲಿಲ್ಲ.

ಮುಟ್ಟಿದ್ದಕ್ಕೆ ಎರಡು ಅಕ್ಷರ ಬರೆ.

ಅಪ್ಪ

*

ಜತ್ತ
20 ಅಕ್ಟೋಬರ್ 2024

ಅಪ್ಪಾ,

ಜೀಪು ಮುಟ್ಟಿತು. ಕೆಲಸ ಬಹಳ ಚೆನ್ನಾಗಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದು ಓದಿ ನೀವು ಮುಖ ಸಣ್ಣ ಮಾಡುತ್ತೀರಿ.

ಗುರುವಾರ ಹಳ್ಳ ದಾಟಲು ಗಾಲಿ ಹದಿನೆಂಟಕ್ಕೆ ಇಳಿಸಿದೆ. ದಾಟಿ ಆ ದಂಡೆಯ ಮೇಲೆ ಕಂಪ್ರೆಸರ್ ಹಚ್ಚಿದರೆ ದಮ್ಮು ಹತ್ತಿದ ಎಮ್ಮೆಯ ಹಾಗೆ ಶಬ್ದ. ಮೀಟರು ಇಪ್ಪತ್ತರಿಂದ ಮೇಲೆ ಏರಲಿಲ್ಲ. ಐದು ನಿಮಿಷಕ್ಕೆ ಕಾದು ಕೆಂಡವಾಗಿ ನಿಂತೇ ಹೋಯಿತು. ಬಿಚ್ಚಿ ನೋಡಿದೆವು. ಗಾಳಿ ಎಳೆಯುವ ಬಾಯಿಯಲ್ಲಿ ಒಂದು ದುಂಡು ಸ್ಪಂಜು ಇದೆಯಲ್ಲ, ಅದರ ತುಂಬ ವಿಭೂತಿ ಒಣಗಿ ಗಾರೆಯಾಗಿದೆ. ಸರಿಯಾಗಿ ಮೂರು ಗೆರೆ, ದಪ್ಪಗೆ.

ಬಾಬು ಮಾಮಾ ಕೈ ಮುಗಿದು ಅಂದರು: "ಕಾಕಾ ಅದರ ಹಣಿ ಅಂತ ತಿಳಿದಾರ್ರಿ ಮೇಡಂ. ಅದು ಮೂಗರಿ."

ಇಪ್ಪತ್ತೆರಡು ಕಿಲೋಮೀಟರ್ ಮೆತ್ತನೆ ಗಾಲಿಯ ಮೇಲೆ ಕುರಿಯ ವೇಗದಲ್ಲಿ ಬಂದೆವು. ಏನೂ ಆಗಲಿಲ್ಲ. ಆದರೆ ಅಪ್ಪಾ, ಮೂವತ್ತೆಂಟು ವರ್ಷ ಈ ಸಾಮಾನು ಮಾರಿದವರು ನೀವು. ಉಸಿರಾಡುವ ಜಾಗ ಯಾವುದು ಎಂದು ನಿಮಗೆ ಗೊತ್ತಿಲ್ಲದೆ ಇರುವುದಿಲ್ಲ. ಅವತ್ತು ನಿಮ್ಮ ಕೈ ಎಲ್ಲಿತ್ತು, ತಲೆ ಎಲ್ಲಿತ್ತು?

ಅನುಜಾ

*

ಮಿರಜ
25 ಅಕ್ಟೋಬರ್ 2024

ಅನು,

ಸ್ಪಂಜನ್ನು ಸಾಬೂನಿನ ನೀರಿನಲ್ಲಿ ನೆನೆಯಿಟ್ಟು ತೊಳೆ. ಹಿಂಡಬೇಡ, ನೆರಳಿನಲ್ಲಿ ಒಣಗಿಸು.

ನಿನ್ನ ಕಾಗದ ಓದಿ ಮೊದಲು ನಕ್ಕೆ. ರೂಪಾಲಿ ಒಳಗಿನಿಂದ ಬಂದು, "ಏನಾತ್ರಿ ಮಾಮಾ?" ಎಂದು ಕೇಳುವಷ್ಟು ನಕ್ಕೆ. ಆಮೇಲೆ ನಿನ್ನ ಕೊನೆಯ ಸಾಲು ಮತ್ತೆ ಓದಿದೆ. ಸರಿಯಾದ ಪ್ರಶ್ನೆ. ವೆರಿ ಪರ್ಟಿನೆಂಟ್, ಎಂದು ನಮ್ಮ ಪ್ರೊಫೆಸರು ಅನ್ನುತ್ತಿದ್ದರು, ನನಗೆ ಎಂದೂ ಅಂದಿರಲಿಲ್ಲ. ತಲೆ ಹಳ್ಳದಲ್ಲಿತ್ತು. ಬಾಬು ಆ ಮಾತು ಆಡಿದಂದಿನಿಂದ ಅಲ್ಲೇ ಇದೆ. ಹೆದರಿದವನ ಕೈ ಎಲ್ಲೆಲ್ಲೋ ವಿಭೂತಿ ಬಳಿಯುತ್ತದೆ.

ಎರಡು ವರ್ಷ ಬಾಯಿಗೆ ಬಾರದ್ದು ಇಲ್ಲಿ ಬರೆಯುತ್ತೇನೆ. ನಿಧಾನ ಓದು.

ಆ ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಕೈಯಾರೆ ಕಾರಿನ ನಾಲ್ಕೂ ಗಾಲಿಗೆ ನಲವತ್ತು ಪೌಂಡು ತುಂಬಿಸಿದ್ದೆ. ಎಲ್ಲರಿಗಿಂತ ಬಿಗಿ. ಅದು ನನ್ನ ಡೌಲು. ಖಂಡೇರಾಜುರಿಯ ಅವ್ವನ ಒಡಹುಟ್ಟಿದ ನಿನ್ನ ಮಾವಶಿಯ ಮನೆಯಲ್ಲಿ ಊಟವಾದ ಮೇಲೆ ಅವ್ವ ಎದೆಯಲ್ಲಿ ಹೇಗೋ ಆಗುತ್ತದೆ ಅಂದಳು. ರಸ್ತೆ ಬಿಟ್ಟು ಹಳ್ಳದೊಳಗಿಂದ ಹೊಡೆದರೆ ಮೂರು ಕಿಲೋಮೀಟರು ಉಳಿಯುತ್ತದೆ ಎಂದು ನಾನೇ ಇಳಿಸಿದೆ. ಹಿಂದಿನ ವಾರ ಹಳ್ಳ ಬಂದು ಹೊಸ ಉಸುಕು ತಂದು ಹಾಕಿತ್ತು. ನಡುವೆ ಗಾಲಿ ಕೂತವು. ಒತ್ತಿದೆ. ಇನ್ನೂ ಒತ್ತಿದೆ. ಅಚ್ಚಿನವರೆಗೆ ಹೋಯಿತು. ಟ್ರ್ಯಾಕ್ಟರ್ ಬರಲು ನಲವತ್ತು ನಿಮಿಷ. ಮಿರಜದ ದವಾಖಾನೆಯಲ್ಲಿ ಡಾಕ್ಟರು, "ಒಂದ ಅರ್ಧ ತಾಸು ಮೊದಲ..." ಎಂದು ಶುರು ಮಾಡಿ, ಬಾಗಿಲಲ್ಲಿ ನಿನ್ನನ್ನು ಕಂಡು ಮಾತು ನುಂಗಿದರು. ಆ ಅರ್ಧ ವಾಕ್ಯ ನಿನಗೂ ಕೇಳಿಸಿತ್ತು.

ಇಂಟರ್ ಸೈನ್ಸಿನಲ್ಲಿ ನಪಾಸಾದರೂ ಒಂದು ಸೂತ್ರ ನನಗೆ ಇಂದಿಗೂ ಬಾಯಿಪಾಠ: ಪ್ರೆಶರ್ ಈಸ್ ಈಕ್ವಲ್ ಟು ಫೋರ್ಸ್ ಅಪಾನ್ ಏರಿಯಾ. ಗಾಲಿ ಅಗಲವಾದರೆ ಭಾರ ಹಂಚಿಹೋಗುತ್ತದೆ, ನೆಲ ತಡೆದುಕೊಳ್ಳುತ್ತದೆ. ಆ ಸೂತ್ರ ಹೇಳಿಯೇ ಮೀಟರು ಮಾರಿದವನು ನಾನು, ಉಸುಕಿಗೆ ಹೊಂದಿಸಿ ಎಂದೂ ನೋಡಿರಲಿಲ್ಲ. ಆ ದಿನ ಕಾರಿನ ಡಬ್ಬಿಯಲ್ಲೂ ಒಂದು ಮೀಟರು ಇತ್ತು. ಬಗ್ಗಿ ವಾಲಿಗೆ ಬೆರಳು ಒತ್ತಿದ್ದರೆ ಹತ್ತು ನಿಮಿಷ. ಉಳಿದ ಮೂವತ್ತು ನಿಮಿಷ ಅವಳವು, ಅನು. ನಾನು ತೆಗೆದುಕೊಂಡೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಬೇಕಾಗುತ್ತದೆ, ಅದು ನಿನ್ನ ಮೇಲೆ ಹೊರೆ. ನಿನಗೆ ಗೊತ್ತಿರಬೇಕಿತ್ತು, ಅಷ್ಟೇ.

ಕಲ್ಲಯ್ಯ

*

ಜತ್ತ
8 ಡಿಸೆಂಬರ್ 2024

ಅಪ್ಪಾ,

ಆರು ವಾರ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ಹವಾದ ವಿಷಯ ಬಾಬು ಮಾಮಾರಿಂದ ಕಲಿತ ದಿನವೇ ನನಗೆ ಆ ಹಳ್ಳ ನೆನಪಾಗಿತ್ತು. ಅದಕ್ಕೇ ನಿಮಗೆ ಬರೆಯಲು ಆಗುವುದಿಲ್ಲ ಎಂದಿದ್ದೆ. ಹವಾ ಬಿಟ್ಟಿದ್ದರೆ ಕಾರು ಮೇಲೆ ಬರುತ್ತಿತ್ತೇ? ಬರುತ್ತಿತ್ತೇನೋ. ಅವ್ವ ಉಳಿಯುತ್ತಿದ್ದಳೇ? ಗೊತ್ತಿಲ್ಲ. ನಾನು ಡಾಕ್ಟರು, ದನದ್ದೇ ಇರಲಿ. ಸಮಾಧಾನಕ್ಕೆ ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಹಾಗೆ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಿಟ್ಟು ಮಾಡಲು ನನಗೆ ಬರುವುದಿಲ್ಲ.

ನನ್ನ ಸಿಟ್ಟು ಬೇರೆ. ನಲವತ್ತು ನಿಮಿಷ ಅವ್ವನಿಗೆ ಎಚ್ಚರವಿತ್ತು. ಮಾತಾಡುತ್ತಿದ್ದಳು ಎಂದು ಟ್ರ್ಯಾಕ್ಟರಿನವನು ನನಗೆ ಹೇಳಿದ. ನಿಮ್ಮ ಕಿಸೆಯಲ್ಲಿ ಫೋನು ಇತ್ತು. ನನಗೆ ಹಚ್ಚಲಿಲ್ಲ. ನಾನು ಬಂದಾಗ ಅವಳು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಎರಡು ವರ್ಷದಿಂದ ಊಟ ಆತೇನು ಎಂದು ನೀವು ಕೇಳಿದಾಗಲೆಲ್ಲ ನನ್ನ ಬಾಯಲ್ಲಿ ಬರುವುದು ಇದೊಂದೇ ಮಾತು: ಯಾಕ ಹಚ್ಚಲಿಲ್ರಿ?

ಆ ಹೊತ್ತಿನಲ್ಲಿ ಏನು ಮಾತಾಡಿದಳು, ನನಗೆ ಬೇಕು. ಎಲ್ಲ. ಸಣ್ಣದೂ ಬಿಡದೆ.

ಸಂಕ್ರಾಂತಿಯ ಹೊತ್ತಿಗೆ ಬಾಬು ಮಾಮಾ ಆರಗಕ್ಕೆ ಬರುತ್ತಾರೆ, ತಿರುಗಿ ಬರುವಾಗ ನಿಮ್ಮನ್ನು ಕರೆತರುತ್ತಾರೆ. ಬಾಯಿಂದ ಹೇಳಲು ಆಗದಿದ್ದರೆ ಇಲ್ಲೇ ಕೂತು ಬರೆಯಿರಿ.

ನಿಮ್ಮ ಅನು

*

ಸತ್ಯಪ್ಪನ ಕುರಿದೊಡ್ಡಿ, ಜತ್ತದ ಆಚೆ
ಜೀಪಿನಲ್ಲಿ ಕೂತು
18 ಜನವರಿ 2025

ಅನು,

ನಿನ್ನಿಂದ ಐವತ್ತು ಹೆಜ್ಜೆ ದೂರದಲ್ಲಿ ಕೂತು ನಿನಗೆ ಕಾಗದ ಬರೆಯುತ್ತಿದ್ದೇನೆ. ಬಂದು ಮೂರು ದಿನವಾಯಿತು, ಎರಡು ಸಲ ಬಾಯಿ ತೆರೆದೆ, ಎರಡು ಸಲವೂ "ಚಟ್ನಿ ಚಲೋ ಆಗೈತಿ" ಅಂದೆ. ನಿನ್ನ ಚಟ್ನಿ ಅಷ್ಟೇನೂ ಚಲೋ ಇಲ್ಲ.

ಬೆಳಿಗ್ಗೆ ಹಳ್ಳದ ದಂಡೆಗೆ ಜೀಪು ನಿಲ್ಲಿಸಿ, ಕೈಮೀಟರು ನನ್ನ ಅಂಗೈಯಲ್ಲಿ ಇಟ್ಟು ಆ ಕಡೆಯ ಗಾಲಿಗೆ ಹೋದೆ. ಈ ಕಡೆಯ ಎರಡು ನನ್ನವು. ಹವಾ ಸುಂಯ್ ಎನ್ನುತ್ತ ಹೋಗುವುದನ್ನು ನಾನು ಬಲಗಿವಿಯಿಂದ ಕೇಳಿದೆ. ಹದಿನೆಂಟು. ಜೀಪು ಉಸುಕಿನ ಮೇಲೆ ಗಂಗಾಳದಲ್ಲಿ ಬೆಣ್ಣೆ ಜಾರಿದ ಹಾಗೆ ಹೋಯಿತು. ನೀನು ನನ್ನ ಮುಖ ನೋಡದೆ ಹೊಡೆದೆ. ಥ್ಯಾಂಕ್ಯೂ.

ಈಗ ಆ ನಲವತ್ತು ನಿಮಿಷ.

ಮೊದಲಿಗೆ ನನ್ನನ್ನು ಹಂಗಿಸಿದಳು. ಬಾಗಿಲು ತೆರೆದು ಕಾಲು ಉಸುಕಿಗೆ ಬಿಟ್ಟು ಕೂತು, "ಊರ ಮಂದಿಗೆಲ್ಲಾ ಮೀಟರ್ ಮಾರಿದ್ರಿ. ನಾವು ಇಲ್ಲಿ ಕುಂತೇವಿ ನೋಡ್ರಿ, ಕಾಗಿ ಎಣಿಸ್ಕೋಂತ" ಅಂದಳು. ಕಾಗೆಗಳು ನಿಜವಾಗಿಯೂ ಇದ್ದವು, ಏಳು. ನಾನು ಗಾಲಿಯ ಬುಡ ಕೈಯಿಂದ ಬಗೆಯುತ್ತಿದ್ದೆ. "ಬಿಡ್ರಿ ಅದನ್ನ. ನೀವೇನ ಇಲಿ ಅದೀರೇನ? ಬಂದ ಕುಂದ್ರ ಬರ್ರಿ" ಅಂದಳು. ಹೋಗಿ ಕೂತೆ. ಮಾತಾಡಬೇಡ, ದಣಿವಾಗುತ್ತದೆ ಅಂದೆ. "ಮಾತಾಡಲಿಲ್ಲಂದ್ರ ನೋವು ಹೆಚ್ಚ ಆಕ್ಕೈತ್ರಿ" ಅಂದಳು.

ಆಮೇಲೆ ಕವಲಾಪುರದ ತವರಿನ ಬಾವಿಯ ಮಾತು. ಹತ್ತು ವರ್ಷದವಳಿದ್ದಾಗ ಅಣ್ಣಂದಿರು ಊಟಕ್ಕೆ ಹೋದ ಹೊತ್ತಿನಲ್ಲಿ ಕದ್ದು ಇಳಿದು ಈಜು ಕಲಿತಿದ್ದಳಂತೆ, ಒಣ ಕುಂಬಳಕಾಯಿ ಬೆನ್ನಿಗೆ ಕಟ್ಟಿಕೊಂಡು. ನಲವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಾದದ್ದು ನೀರಿಲ್ಲದ ಹಳ್ಳದಲ್ಲಿ. "ಯಾಕ ಹೇಳಲಿಲ್ಲ?" ಅಂದೆ. "ನೀವ ಯಾಕ ಕೇಳಲಿಲ್ಲ?" ಅಂದಳು. ನಕ್ಕಳು. ನಗುವಾಗ ನೋವಾಯಿತು, ನನ್ನ ಮುಂಗೈ ಹಿಡಿದಳು.

ಆಗ ನಾನು ಫೋನು ತೆಗೆದೆ. "ಅನುಗ ಹಚ್ಚತೀನಿ" ಅಂದೆ. ಅವಳು ಫೋನಿನ ಮೇಲೆ ಅಂಗೈ ಮುಚ್ಚಿದಳು.

"ಈಗ ಬ್ಯಾಡ್ರಿ. ಆಕಿ ಈ ಹೊತ್ತಿನ್ಯಾಗ ಯಾವುದಾರ ಆಕಳ ಹೊಟ್ಯಾಗ ಮೊಣಕೈ ಮಟಾ ಕೈ ಹಾಕಿ ನಿಂತಿರತಾಳ. ಫೋನಿಗೆ ಕೈ ತಗದ್ರ ಕರು ಒಳಗ ಸತ್ತಿತು. ಮನಿಗೆ ಹೋಗಿ ನಾನ ಹಚ್ಚತೀನಿ."

ಅನು, ಆಕೆ ಬೇಡವೆಂದಳು ಎಂದು ಅವಳ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಎರಡನೆಯ ಸಲ ನಾನೇ ಹಚ್ಚಬಹುದಿತ್ತು. ನಾಚಿಕೆಯಾಯಿತು. ಉಸುಕಿನಲ್ಲಿ ಗಾಡಿ ಹುಗಿಸಿಕೊಂಡು ಕೂತಿದ್ದೇನೆ ಎಂದು ಮಗಳಿಗೆ ಹೇಗೆ ಹೇಳುವುದು, ಟ್ರ್ಯಾಕ್ಟರು ಬಂದ ಮೇಲೆ ಹಚ್ಚಿದರಾಯಿತು ಎಂದುಕೊಂಡೆ. ಇಷ್ಟೇ ಕಾರಣ. ಇಷ್ಟು ಸಣ್ಣ ಕಾರಣವನ್ನು ಎರಡು ವರ್ಷ ಹೇಗೆ ಹೊತ್ತೆನೋ.

ಆಮೇಲೆ ಟ್ರ್ಯಾಕ್ಟರು ಬರುವವರೆಗೂ ನಿನ್ನದೇ ಮಾತು. ನಾಲ್ಕನೆಯ ಇಯತ್ತೆ ಓದುವಾಗ ನೀನು ರೆಕ್ಕೆ ಮುರಿದ ಗುಬ್ಬಿಗೆ ಅವಳ ಹೊಸ ಸೀರೆಯ ಸೆರಗು ಹರಿದು ಪಟ್ಟಿ ಕಟ್ಟಿದ್ದು. ಅವಳು ಬಡಿದದ್ದು. ಬಡಿದು, ಗುಬ್ಬಿಗೆ ನೀರು ಕುಡಿಸಿದ್ದು. "ಆ ಹೊಡತ ನೆನಪ ಐತೇನ ಕೇಳಬೇಕ ಆಕಿನ್ನ" ಅಂದಳು. ನೆನಪಿದೆಯೇ? ಅವಳ ಪರವಾಗಿ ಕೇಳುತ್ತಿದ್ದೇನೆ. ಕೊನೆಗೆ ಒಂದು ಮಾತು, ಅದನ್ನು...

ತಲೆ ಎತ್ತಿದೆ. ಸಾಲು ಕಾಣುತ್ತಿಲ್ಲ. ಗುಡ್ಡದ ಮೇಲೆ ಒಂದು ಬೊಗಸೆಯಷ್ಟು ಬೆಳಕು ಉಳಿದಿದೆ. ನಿನ್ನ ಕೆಲಸ ಮುಗಿದ ಹಾಗಿದೆ, ಸತ್ಯಪ್ಪನ ಹೆಂಡತಿ ತಂಗೆವ್ವ ತಂಬಿಗೆಯಿಂದ ನೀರು ಸುರಿಯುತ್ತಿದ್ದಾಳೆ, ನೀನು ಬಗ್ಗಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದೀ. ನೀನು ಇಲ್ಲಿಗೆ ಬರುವ ಹೊತ್ತಿಗೆ ಇದನ್ನು ಓದಲು ಬೆಳಕಿರುವುದಿಲ್ಲ. ಫೋನಿನ ಬ್ಯಾಟರಿ ಬೆಳಕು ಹಿಡಿದು ಓದುವುದು ಬೇಡ. ಕಾಗದ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ. ನನ್ನ ಬಲಗಡೆ ಕೂಡು. ಆ ಕೊನೆಯ ಮಾತು ಬಾಯಿಂದಲೇ ಹೇಳುತ್ತೇನೆ.

ನಿನ್ನ ಅಪ್ಪ